ಹಸುರಿನ ಲೆಕ್ಕ: ಆಕಾಶದಿಂದ ಮತ್ತು ಮಣ್ಣಿನಿಂದ

ಹಾಡಿಯ ಸೊಪ್ಪು, ತರಗೆಲೆಗಳನ್ನು ತಂದು ಹಟ್ಟಿಗೆ ಹಾಸಿ, ಗೊಬ್ಬರವಾದ ಮೇಲೆ ಗದ್ದೆ ತೋಟಗಳಿಗೆ ಹಾಕುವ ರೂಢಿ ನಮ್ಮ ಕಾರ್ಕಳ ಸೀಮೆಯಲ್ಲಿ ಬಹು ಹಳೆಯದು. ಕದೀಂ ವರ್ಗ ಜಮೀನಿನಿಂದ 100 ಗಜದೊಳಗಣ ಸರಕಾರಿ ಭೂಮಿಯಲ್ಲಿ ಸೊಪ್ಪು ತೆಗೆಯುವ ‘ಕುಮ್ಕಿ’ ಸವಲತ್ತು ಈ ಅಗತ್ಯವನ್ನೇ ಸೂಚಿಸುತ್ತದೆ. ನಮ್ಮದು ಮುರಕಲ್ಲಿನ ಮಣ್ಣು. ಅದರ ಸಾರವನ್ನು ಜಡಿಮಳೆ ತೊಳೆದೊಯ್ಯುತ್ತದೆ. ಉದುರಿದ ಎಲೆ ಕೊಳೆತು, ಅದರ ಸಾರಜನಕ, ರಂಜಕಗಳು ಮರಳಿ ಬೇರಿಗೆ ಸೇರಬೇಕು. ಇದೇ ಪೋಷಕಾಂಶಗಳ ಚಕ್ರ.

ಈ ಚಕ್ರಕ್ಕೂ ಲೋಕದ ಹವೆಗೂ ಸಂಬಂಧವುಂಟು. ವಾಯುಮಂಡಲದಲ್ಲಿ ಹೆಚ್ಚುತ್ತಿರುವ ಇಂಗಾಲಾಮ್ಲ ವಾಯುವನ್ನು ಕಾಡುಗಳು ಎಷ್ಟು ಹೀರಿಯಾವು? ಇದನ್ನು ತಿಳಿಯಲು ವಿಜ್ಞಾನಿಗಳು ಗಣಿತ ಮಾದರಿಗಳನ್ನು ರಚಿಸಿದ್ದಾರೆ. ವಾಯು ಹೆಚ್ಚಿದಂತೆ ಬೆಳವಣಿಗೆಯೂ ಹೆಚ್ಚೀತೆಂದು ಅವು ಹೇಳುತ್ತವೆ. ಆದರೆ ಯಾವ ಪೋಷಕಾಂಶ ಅತಿ ಕಡಿಮೆಯೋ ಅದೇ ಬೆಳೆಯ ಮಿತಿಯೆಂಬುದು ಲೀಬಿಗ್‌ನ ಹೆಸರಿನಿಂದ ಪ್ರಸಿದ್ಧವಾದ ನಿಯಮ. 2013ರ ಅಂತರರಾಷ್ಟ್ರೀಯ ಹವಾಮಾನ ವರದಿಗೆ ಆಧಾರವಾದ ಹೆಚ್ಚಿನ ಮಾದರಿಗಳಲ್ಲಿ ಸಾರಜನಕದ ಲೆಕ್ಕವೇ ಇರಲಿಲ್ಲ.

ಮಾದರಿಯನ್ನು ಪರೀಕ್ಷಿಸುವುದು ಹೇಗೆ? ಹಸಿರೆಲೆಯು ಕೆಂಪು ಬೆಳಕನ್ನು ಹೀರಿ, ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಪ್ರತಿಫಲಿಸುತ್ತದೆ. ಇವೆರಡನ್ನೂ ಅಳೆದು ಕೃತಕ ಉಪಗ್ರಹವು ಹಸುರಿನ ಪ್ರಮಾಣವನ್ನು ತಿಳಿಸುತ್ತದೆ. 1988ರಲ್ಲಿ ಭಾರತದ ಮೊದಲ ಪೂರ್ಣ ಕಾರ್ಯಾಚರಣೆಯ ದೂರಸಂವೇದಿ ಉಪಗ್ರಹ ಐ.ಆರ್.ಎಸ್.-1ಎ ಮೇಲೇರಿದಾಗ ಇಸ್ರೋ ಸಂಸ್ಥೆಯ ಅಧ್ಯಕ್ಷರಾಗಿದ್ದವರು ನಮ್ಮ ಉಡುಪಿಯ ಅದಮಾರಿನವರಾದ ಯು. ಆರ್. ರಾಯರು.

1982ರಿಂದ 2011ರ ವರೆಗಿನ ಉಪಗ್ರಹ ದಾಖಲೆಗಳನ್ನು ಮಾದರಿಗಳೊಡನೆ ಹೋಲಿಸಿದ ಅಧ್ಯಯನವೊಂದು 2016ರಲ್ಲಿ ‘ನೇಚರ್ ಕ್ಲೈಮೇಟ್ ಚೇಂಜ್’ ಪತ್ರಿಕೆಯಲ್ಲಿ ಬಂತು. ಮಾದರಿಗಳು ಹೇಳಿದಷ್ಟು ಬೆಳವಣಿಗೆ ಉಪಗ್ರಹದ ಲೆಕ್ಕದಲ್ಲಿ ಕಾಣಲಿಲ್ಲ. ಪೋಷಕಾಂಶಗಳ ಕೊರತೆ ಇದಕ್ಕೊಂದು ಕಾರಣವಿರಬಹುದು. ಆದರೆ ಉಪಗ್ರಹ ನೋಡುವುದು ಹಸುರನ್ನು, ಬೆಳವಣಿಗೆಯನ್ನಲ್ಲ. ಬೆಳವಣಿಗೆಯನ್ನು ಇನ್ನೊಂದು ಸೂತ್ರದಿಂದ ಊಹಿಸಬೇಕು. ಆ ಸೂತ್ರದಲ್ಲಿ ಇಂಗಾಲಾಮ್ಲ ವಾಯುವಿನ ನೇರ ಪರಿಣಾಮ ಸೇರಿಲ್ಲವೆಂಬ ಆಕ್ಷೇಪವೂ ಬಂತು. ಅಳತೆಗೋಲನ್ನೂ ಅಳೆಯಬೇಕಲ್ಲವೇ?

ನಮ್ಮಲ್ಲಿ ತೊಡಕು ಇನ್ನೂ ಹೆಚ್ಚು. ಮಳೆಗಾಲದ ಮೋಡ ಉಪಗ್ರಹದ ಕಣ್ಣನ್ನು ಮುಚ್ಚುತ್ತದೆ. ಕುದುರೆಮುಖದ ಕಾಡು, ರಬ್ಬರು ತೋಟ, ಅಕೇಶಿಯಾ ನೆಡುತೋಪು ಎಲ್ಲವೂ ಮೇಲಿನಿಂದ ಹಸುರೇ. ಅಕೇಶಿಯಾದ ಬೇರಿನ ಜೀವಾಣುಗಳು ಗಾಳಿಯ ಸಾರಜನಕವನ್ನು ಹಿಡಿಯುವುದಾಗಲಿ, ಹಾಡಿಯ ಸಾರ ಸೊಪ್ಪಿನ ಹೊರೆಯಾಗಿ ಗದ್ದೆಗಿಳಿಯುವುದಾಗಲಿ ಆ ಚಿತ್ರದಲ್ಲಿ ಕಾಣದು.

ಆದುದರಿಂದ ಆಕಾಶದ ಲೆಕ್ಕಕ್ಕೆ ಮಣ್ಣಿನ ಸಾಕ್ಷ್ಯ ಬೇಕು. ಒಂದು ಹಾಡಿಯಲ್ಲಿ ತಿಂಗಳಿಗೊಮ್ಮೆ ಉದುರಿದ ಎಲೆಯನ್ನು ಒಣಗಿಸಿ ತೂಗಿ ಬರೆದಿಡುವುದು ವಿದ್ಯಾರ್ಥಿಗಳಾದ ನಮಗೂ ಸಾಧ್ಯ. ಅದಕ್ಕೆ ಬೇಕಾದುದು ಒಂದು ಬಲೆ, ಒಂದು ತಕ್ಕಡಿ, ಮತ್ತು ತಾಳ್ಮೆ.