ಓಡುವ ಹಿರಿಯರ ಹಿಮ್ಮಡಿ ನೋವು

"ಡಾಕ್ಟ್ರೇ, ಒಂದು ಇಂಜೆಕ್ಷನ್ ಕೊಟ್ಟುಬಿಡಿ, ಬರುವ ಭಾನುವಾರ ಓಡಲೇಬೇಕು" ಎಂದರು ಮೈಸೂರಿನ 62 ವರ್ಷದ ನಿವೃತ್ತ ಬ್ಯಾಂಕ್ ನೌಕರರೊಬ್ಬರು. ಹತ್ತು ವರ್ಷಗಳಿಂದ ಕುಕ್ಕರಹಳ್ಳಿ ಕೆರೆಯ ಸುತ್ತ ಓಡುತ್ತಿರುವವರು. ತಿಂಗಳಿಂದೀಚೆಗೆ ಬೆಳಿಗ್ಗೆ ಹಾಸಿಗೆಯಿಂದಿಳಿದರೆ ಮೊದಲ ಕೆಲವು ಹೆಜ್ಜೆ ಕುಂಟಬೇಕು. ಬಚ್ಚಲಿಗೆ ಹೋಗಿಬರುವಷ್ಟರಲ್ಲಿ ಸಡಿಲವಾಗುತ್ತದೆ. ಓಟದ ಆರಂಭದಲ್ಲಿ ನೋವು, ಮೈ ಬಿಸಿಯೇರಿದ ಮೇಲೆ ಮಾಯ, ಮರುದಿನ ಇಮ್ಮಡಿ. ಹಿಮ್ಮಡಿಯಿಂದ ಮೂರು ಬೆರಳಷ್ಟು ಮೇಲೆ ಹಿಡಿದು ಒತ್ತಿದೆ. ಕಾಲು ಎಳೆದುಕೊಂಡರು.

ಜನ ಇದನ್ನು 'ನರ ಹಿಡಿದುಕೊಂಡಿದೆ' ಎನ್ನುತ್ತಾರೆ. ಅದು ನರವಲ್ಲ, ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿಯ ಮೂಳೆಗೆ ಬಿಗಿಯುವ ಹಗ್ಗ; ಅಕಿಲಿಸ್ ಸ್ನಾಯುರಜ್ಜು. ಗ್ರೀಕರ ವೀರನಿಗೆ ಹಿಮ್ಮಡಿಯೊಂದೇ ದುರ್ಬಲ ಜಾಗ, ನಮ್ಮ ದುರ್ಯೋಧನನಿಗೆ ತೊಡೆಯಿದ್ದಂತೆ. ದೇಹದ ಅತ್ಯಂತ ಬಲವಾದ ಸ್ನಾಯುರಜ್ಜು ಇದೇ ಆದರೂ ಓಡುವಾಗ ಮೈತೂಕದ ಹಲವು ಪಟ್ಟು ಸೆಳೆತವನ್ನು ತಡೆಯಬೇಕು. ವಯಸ್ಸಾದಂತೆ ಎಳೆಗಳ ಪುಟಿತ ತಗ್ಗುತ್ತದೆ, ಸವೆತದ ದುರಸ್ತಿ ನಿಧಾನವಾಗುತ್ತದೆ. ತಿಂಗಳುಗಟ್ಟಲೆ ಉಳಿದ ನೋವಿನಲ್ಲಿ ಉರಿಯೂತಕ್ಕಿಂತ ಸವೆತವೇ ಹೆಚ್ಚು. ನೋವಿನ ಮಾತ್ರೆಯಿಂದ ಅದು ವಾಸಿಯಾಗುವುದಿಲ್ಲ.

ಇತ್ತೀಚೆಗೆ ಏನು ಬದಲಾಯಿತು? ಇದು ನಾನು ಕೇಳುವ ಮೊದಲ ಪ್ರಶ್ನೆ. ಇವರು ವಾರಕ್ಕೆರಡು ದಿನ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲು ಶುರುಮಾಡಿದ್ದರು. ಹೊಸ ಬೂಟಿನ ಅಟ್ಟೆ ತೆಳ್ಳಗಿತ್ತು. ಸಾಲದ್ದಕ್ಕೆ, ಮೂತ್ರದ ಸೋಂಕಿಗೆ ಸಿಪ್ರೊಫ್ಲಾಕ್ಸಸಿನ್ ಮಾತ್ರೆ ನುಂಗಿದ್ದರು. ಈ ಗುಂಪಿನ ಔಷಧಿಗಳು ಸ್ನಾಯುರಜ್ಜುವಿಗೆ ಪೆಟ್ಟು ಕೊಡಬಲ್ಲವು; 60 ದಾಟಿದವರಲ್ಲಿ, ಜೊತೆಗೆ ಸ್ಟೀರಾಯ್ಡ್ ಸೇವಿಸುವವರಲ್ಲಿ ಅಪಾಯ ಹೆಚ್ಚು. ಅಮೆರಿಕದ ಔಷಧ ನಿಯಂತ್ರಕರು 2008ರಲ್ಲೇ ಈ ಕುರಿತು ಕಟ್ಟೆಚ್ಚರಿಕೆ ನೀಡಿದ್ದಾರೆ. ಇಂಥ ಮಾತ್ರೆ ತೆಗೆದುಕೊಳ್ಳುವಾಗ ಹಿಮ್ಮಡಿ ನೋವು ಕಂಡರೆ ಓಟ ನಿಲ್ಲಿಸಿ, ಬರೆದುಕೊಟ್ಟ ವೈದ್ಯರಿಗೆ ಕೂಡಲೇ ತಿಳಿಸಿ.

ಅವರು ಕೇಳಿದ ಇಂಜೆಕ್ಷನ್ ನಾನು ಕೊಡಲಿಲ್ಲ. ಸ್ಟೀರಾಯ್ಡ್ ಚುಚ್ಚಿದರೆ ಕೆಲವು ವಾರ ಹಾಯೆನಿಸಬಹುದು. ಆದರೆ ಹಗ್ಗ ದುರ್ಬಲವಾಗಿ ಹರಿಯುವ ಭಯವಿದೆ. ನೋವಿಲ್ಲವೆಂದು ಓಡಿದರಂತೂ ಮುಗಿಯಿತು.

ಹಾಗೆಂದು ಮಂಚ ಹಿಡಿಯುವುದೂ ತಪ್ಪು. ಈ ಹಗ್ಗ ಗಟ್ಟಿಯಾಗುವುದು ಭಾರ ಹೊತ್ತೇ. 1998ರಲ್ಲಿ ಸ್ವೀಡನ್ನಿನ ವೈದ್ಯ ಹಾಕನ್ ಆಲ್ಫ್ರೆಡ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ವ್ಯಾಯಾಮ ಇಂದಿಗೂ ಬಳಕೆಯಲ್ಲಿದೆ. ಕಂಬಿ ಹಿಡಿದು ಪಾದದ ಮುಂಭಾಗವನ್ನಷ್ಟೇ ಮೆಟ್ಟಿಲ ಅಂಚಿಗೆ ಊರಿ ನಿಲ್ಲಿ. ಒಳ್ಳೆಯ ಕಾಲಿನ ಬಲದಿಂದ ಮೇಲೇರಿ, ಭಾರವನ್ನು ನೋವಿನ ಕಾಲಿಗೆ ವರ್ಗಾಯಿಸಿ, ಹಿಮ್ಮಡಿಯನ್ನು ಮೆಲ್ಲಗೆ ಮೆಟ್ಟಿಲ ಮಟ್ಟಕ್ಕಿಂತ ಕೆಳಗಿಳಿಸಿ. ಮಂಡಿ ನೇರವಿಟ್ಟು 15ರಂತೆ ಮೂರು ಸಲ, ತುಸು ಬಾಗಿಸಿ ಮತ್ತೆ ಅಷ್ಟೇ. ದಿನಕ್ಕೆರಡು ಹೊತ್ತು, 12 ವಾರ. ವಯಸ್ಸಾದವರು ಮೊದಲು ಎರಡೂ ಕಾಲಿನಲ್ಲಿ, ಕಡಿಮೆ ಎಣಿಕೆಯಿಂದ ಆರಂಭಿಸಲಿ. ಸುಲಭವೆನಿಸಿದಾಗ ಬೆನ್ನಚೀಲದಲ್ಲಿ ಎರಡು ಕಿಲೋ ಅಕ್ಕಿ ಇಟ್ಟುಕೊಳ್ಳಬಹುದು. ನೋವು ಮೂಳೆಗೆ ಅಂಟಿದ ಜಾಗದಲ್ಲೇ ಇದ್ದರೆ ಮೆಟ್ಟಿಲು ಬೇಡ, ಸಮನೆಲದ ಮೇಲೆ ಮಾಡಿ.

ವ್ಯಾಯಾಮದಲ್ಲಿ ಸ್ವಲ್ಪ ನೋವು ಸಹಜ. ಸಹಿಸಲಾಗದ ನೋವಿಗೆ ಹತ್ತು ಅಂಕವೆಂದರೆ ಐದರವರೆಗೆ ಹೆದರಬೇಕಿಲ್ಲ. ಮರುದಿನ ಬೆಳಿಗ್ಗೆ ಅದು ಹಿಂದಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಎಣಿಕೆ ತಗ್ಗಿಸಿ. ಓಟಕ್ಕೆ ಮರಳುವಾಗಲೂ ಇದೇ ಅಳತೆ. ದಿನ ಬಿಟ್ಟು ದಿನ, ಸಮನೆಲದಲ್ಲಿ, ಸ್ವಲ್ಪ ನಡಿಗೆ ಸ್ವಲ್ಪ ಓಟ.

ಓಡುವಾಗ ಹಿಂದಿನಿಂದ ಯಾರೋ ಒದ್ದಂತಾಗಿ, 'ಪಟ್' ಎಂದು ಸದ್ದಾಗಿ, ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ಹಗ್ಗ ಹರಿದಿರಬಹುದು. ಎಣ್ಣೆ ನೀವಿ ಕಟ್ಟು ಕಟ್ಟಿಸಿಕೊಂಡು ಕಾಲ ಕಳೆಯದೆ ಅಂದೇ ಮೂಳೆ ತಜ್ಞರನ್ನು ಕಾಣಿರಿ. ಮೀನಖಂಡವೇ ಊದಿ ಬಿಸಿಯಾಗಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವ ಸಾಧ್ಯತೆಯುಂಟು. ಅದಕ್ಕೂ ತಡ ಸಲ್ಲದು.

ನಮ್ಮ ರೋಗಿ ಆ ಭಾನುವಾರ ಓಡಲಿಲ್ಲ, ಮುನಿಸಿಕೊಂಡೇ ಹೋದರು. ನಾಲ್ಕನೇ ತಿಂಗಳು ಕೆರೆಯನ್ನು ಒಂದು ಸುತ್ತು ಓಡಿ ಬಂದು ವರದಿ ಒಪ್ಪಿಸಿದರು. ಬೆಟ್ಟದ ಮೆಟ್ಟಿಲು ಇನ್ನೂ ಬೇಡ ಎಂದಿದ್ದೇನೆ. ಕದ್ದು ಒಮ್ಮೆ ಹತ್ತಿದ್ದಾರೆಂದು ಅವರ ಮನೆಯವರು ಹೇಳಿದರು.