ಮೊದಲ ಆಪರೇಷನ್ ಯಾರ ಕೈಯಲ್ಲಿ?

ಅಂಡಾಶಯದ ಕ್ಯಾನ್ಸರ್‌ಗೆ ಔಷಧಿ ಬದಲಿಸಬಹುದು, ಡಾಕ್ಟರನ್ನೂ ಬದಲಿಸಬಹುದು. ಮೊದಲ ಆಪರೇಷನ್ನಿನ ಅವಕಾಶ ಮಾತ್ರ ಒಂದೇ ಸಲ. ಬೆಂಗಳೂರಿನ ಜಯನಗರ, ಬಿಟಿಎಂ ಕಡೆಯವರಿಗೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಆಟೋ ದೂರದಲ್ಲಿದೆ; ಬನ್ನೇರುಘಟ್ಟ ರಸ್ತೆಯುದ್ದಕ್ಕೂ ದೊಡ್ಡ ಖಾಸಗಿ ಆಸ್ಪತ್ರೆಗಳಿವೆ. ಆಯ್ಕೆ ಹೆಚ್ಚಿದ್ದಷ್ಟೂ ಗಲಿಬಿಲಿಯೂ ಹೆಚ್ಚು. ಅದಕ್ಕೇ ಈ ಸೂತ್ರಗಳು.

1. ಗ್ಯಾಸ್ ಮಾತ್ರೆಗೆ ಗಡುವು ಹಾಕಿ. ಹೊಟ್ಟೆ ಉಬ್ಬರ, ಅರ್ಧ ದೋಸೆಗೇ ಸಾಕೆನಿಸುವುದು, ಪದೇ ಪದೇ ಮೂತ್ರ, ಕಿಬ್ಬೊಟ್ಟೆ ನೋವು: ಇವು ಹೊಸದಾಗಿ ಶುರುವಾಗಿ ಎರಡು ಮೂರು ವಾರ ಬಿಡದಿದ್ದರೆ ಸ್ಕ್ಯಾನ್ ಮಾಡಿಸಿ. ಪ್ಯಾಪ್ ಸ್ಮಿಯರ್ ಸರಿ ಬಂದಿದೆಯೆಂದು ನಿರಾಳರಾಗಬೇಡಿ. ಅದು ಗರ್ಭಕೊರಳಿನ ಪರೀಕ್ಷೆ.

2. ಸಿಎ-125 ರಕ್ತಪರೀಕ್ಷೆಯೊಂದನ್ನೇ ನೆಚ್ಚಬೇಡಿ. 35ರ ಒಳಗಿದ್ದರೆ ನಾರ್ಮಲ್ ಎನ್ನುತ್ತಾರೆ. ಆದರೆ ಎಂಡೊಮೆಟ್ರಿಯೋಸಿಸ್‌ನಲ್ಲೂ ಹೊಟ್ಟೆಯ ಕ್ಷಯದಲ್ಲೂ ಅದು ಏರುತ್ತದೆ. ಆರಂಭದ ಕ್ಯಾನ್ಸರ್‌ನಲ್ಲಿ ಏರದೆಯೂ ಇರಬಹುದು.

3. ಅನುಮಾನದ ಗಡ್ಡೆಯನ್ನು ಚುಚ್ಚಿಸಬೇಡಿ. ಇಡೀ ಪಟ್ಟಿಯಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಅಂಡಾಶಯದೊಳಗೇ ಉಳಿದಿರುವ ಕ್ಯಾನ್ಸರ್ ಗಡ್ಡೆ ಚುಚ್ಚಿದಾಗಲೋ ಆಪರೇಷನ್ ವೇಳೆಯೋ ಒಡೆದರೆ 1ಎ ಹಂತದ್ದು 1ಸಿ ಆಗುತ್ತದೆ. ಬೇಡವಾಗಿದ್ದ ಕೀಮೋ ಬೇಕಾಗಬಹುದು. ಸ್ಕ್ಯಾನ್‌ನಲ್ಲಿ ಗಟ್ಟಿ ಭಾಗವೋ ಹೊಟ್ಟೆಯಲ್ಲಿ ನೀರೋ ಕಂಡರೆ, ಕತ್ತರಿ ಬೀಳುವ ಮೊದಲೇ ಗೈನಕಾಲಜಿಕ್ ಆಂಕಾಲಜಿ ವಿಭಾಗಕ್ಕೆ ಹೋಗಿ. ಹೆರಿಗೆ ಮಾಡಿಸಿದ ಡಾಕ್ಟರ್ ಎಷ್ಟೇ ಒಳ್ಳೆಯವರಿರಲಿ, ಈ ಆಪರೇಷನ್ನೇ ಬೇರೆ: ಗರ್ಭಕೋಶ, ಎರಡೂ ಅಂಡಾಶಯ, ಒಳಗಿನ ಕೊಬ್ಬಿನ ಪರದೆ, ಕೆಲವೊಮ್ಮೆ ಕರುಳಿನ ತುಂಡನ್ನೂ ತೆಗೆಯಬೇಕಾಗುತ್ತದೆ. ಕಣ್ಣಿಗೆ ಕಾಣುವ ರೋಗ ಪೂರ್ತಿ ಹೋಯಿತೇ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಡಾಕ್ಟರನ್ನು ಸಂಕೋಚವಿಲ್ಲದೆ ಕೇಳಿ: 'ಇಂಥ ಕೇಸು ವರ್ಷಕ್ಕೆ ಎಷ್ಟು ಮಾಡುತ್ತೀರಿ?'

4. 'ಮೊದಲು ಕೀಮೋ' ಎಂದರೆ ಕೈಬಿಟ್ಟರೆಂದು ಭಾವಿಸಬೇಡಿ. ರೋಗ ಹೊಟ್ಟೆ ತುಂಬ ಹರಡಿದ್ದರೆ ಅಥವಾ ರೋಗಿ ನಿತ್ರಾಣರಾಗಿದ್ದರೆ ಮೂರು ಸೈಕಲ್ ಕೊಟ್ಟು, ಗಡ್ಡೆ ಕುಗ್ಗಿಸಿ, ಆಮೇಲೆ ಆಪರೇಷನ್, ಉಳಿದ ಕೀಮೋ ಅದರ ನಂತರ. ಕೀಮೋಗೆ ಮುನ್ನ ಬಯಾಪ್ಸಿ ಆಗಿರಲಿ; ಚುಚ್ಚಿಸಬೇಡಿ ಎಂದದ್ದು ಅಂಡಾಶಯದೊಳಗೇ ಉಳಿದಿರುವ ಗಡ್ಡೆಗೆ. ಕ್ಷಯವೂ ಇದೇ ವೇಷದಲ್ಲಿ ಬರುತ್ತದೆ.

5. ಮಕ್ಕಳು ಬೇಕೆನ್ನುವವರು ಮೊದಲೇ ಹೇಳಿ. ಹದಿಹರೆಯದಲ್ಲಿ ಬರುವುದು ಹೆಚ್ಚಾಗಿ ಜರ್ಮ್ ಸೆಲ್ ಗಡ್ಡೆ. ಒಂದು ಅಂಡಾಶಯ, ಗರ್ಭಕೋಶ ಉಳಿಸಿಕೊಂಡೇ ಗುಣಪಡಿಸುವುದು ಬಹುಪಾಲು ಸಾಧ್ಯ.

6. ಥರ್ಮಾಮೀಟರ್ ಮನೆಯಲ್ಲಿರಲಿ. ಕೀಮೋದ ಸಾಮಾನ್ಯ ಜೋಡಿ ಪ್ಯಾಕ್ಲಿಟ್ಯಾಕ್ಸೆಲ್-ಕಾರ್ಬೋಪ್ಲಾಟಿನ್, ಮೂರು ವಾರಕ್ಕೊಮ್ಮೆ, ಒಟ್ಟು ಆರು ಸಲ. ಕೂದಲು ಉದುರಿದರೂ ಮತ್ತೆ ಬರುತ್ತದೆ. ಜ್ವರ 100.4 ದಾಟಿದರೆ ಮಾತ್ರ ಬೆಳಗಾಗುವವರೆಗೆ ಕಾಯಬೇಡಿ, ಕಷಾಯ ಕುಡಿಸುತ್ತಲೂ ಕೂರಬೇಡಿ. ಬಿಳಿ ರಕ್ತಕಣ ಇಳಿದಿರಬಹುದು, ಆಸ್ಪತ್ರೆಗೆ ಹೊರಡಿ. ಬೆರಳು ಜೋಮು ಹಿಡಿದರೆ ಮುಂದಿನ ಡೋಸ್‌ಗೆ ಮುನ್ನ ತಿಳಿಸಿ.

7. ಬಿಆರ್‌ಸಿಎ ಪರೀಕ್ಷೆ ಕೇಳಿ ಮಾಡಿಸಿ. ಈ ಜೀನ್‌ನಲ್ಲಿ ದೋಷವಿದ್ದು, ಮುಂದುವರಿದ ರೋಗ ಕೀಮೋಗೆ ಜಗ್ಗಿದ್ದರೆ, ಒಲಾಪರಿಬ್ ಮಾತ್ರೆಯನ್ನು ಸಾಮಾನ್ಯವಾಗಿ ಎರಡು ವರ್ಷ ಕೊಡುತ್ತಾರೆ. 2018ರಲ್ಲಿ ಪ್ರಕಟವಾದ ಸೋಲೋ-1 ಅಧ್ಯಯನದ ನಂತರ ಇದು ರೂಢಿಗೆ ಬಂತು. ದೋಷ ಸಿಕ್ಕರೆ ಅಕ್ಕತಂಗಿಯರು, ಹೆಣ್ಣುಮಕ್ಕಳಷ್ಟೇ ಅಲ್ಲ, ಅಣ್ಣತಮ್ಮಂದಿರೂ ಪರೀಕ್ಷಿಸಿಕೊಳ್ಳಬೇಕು.

8. ಬಿಪಿಎಲ್ ಕಾರ್ಡ್ ಮೊದಲ ದಿನವೇ ತೋರಿಸಿ. ಕಿದ್ವಾಯಿ 1973ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ. ಆ ಕಾರ್ಡಿನ ಮೇಲೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಅಲ್ಲಿ ನಡೆಯುತ್ತದೆ. ಖಾಸಗಿಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕೇ ಎಂದು ಮೊದಲೇ ವಿಚಾರಿಸಿ.

9. ಬಯಾಪ್ಸಿಯ ಸ್ಲೈಡ್, ಬ್ಲಾಕ್, ಡಿಸ್ಚಾರ್ಜ್ ಸಮರಿ ಒಂದೇ ಫೈಲಿನಲ್ಲಿರಲಿ. ಕೊನೆಯ ಕೀಮೋ ತಾರೀಖನ್ನು ರಟ್ಟಿನ ಮೇಲೇ ಬರೆದಿಡಿ. ರೋಗ ಆರು ತಿಂಗಳು ದಾಟಿ ಮರಳಿದರೆ ಪ್ಲಾಟಿನಂ ಔಷಧಿಯನ್ನೇ ಮತ್ತೆ ಕೊಡುವುದುಂಟು. ಅದಕ್ಕೂ ಮೊದಲೇ ಮರಳಿದರೆ ಡಾಕ್ಟರ್ ಬೇರೆ ಔಷಧಿಯ ಕಡೆ ತಿರುಗುತ್ತಾರೆ.