ಬಡಿಸುವ ಕೈ, ನೋಡುವ ಕಣ್ಣು
(ಶಾಲೆಯ ಬಿಸಿಯೂಟದ ಸಾಲಿನಲ್ಲಿ ಶುಶ್ರೂಷಾ ವಿದ್ಯಾರ್ಥಿನಿಯ ಸೇವೆ)

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಊಟವನ್ನು ಬಲ್ಲವನಾಗುವುದಕ್ಕೆ ಮೊದಲು ಊಟ ದೊರೆಯಬೇಕು. ಮಹಾನಗರಗಳ ಪುರಸಭಾ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಹಲವರು ಬೆಳಿಗ್ಗೆ ಒಂದು ಲೋಟ ಚಹವನ್ನಷ್ಟೇ ಕುಡಿದು ಬಂದಿರುತ್ತಾರೆ. ಅಂತಹ ಮಗುವಿಗೆ ಹನ್ನೊಂದು ಗಂಟೆಯ ಹೊತ್ತಿಗೆ ಕರಿಹಲಗೆಯ ಮೇಲಿನ ಅಕ್ಷರಗಳಿಗಿಂತ ಊಟದ ಗಂಟೆಯ ಮೇಲೆಯೇ ಗಮನ ಹೆಚ್ಚು. ಅದು ಸೋಮಾರಿತನವಲ್ಲ, ಹಸಿವು.

ಈ ಮಕ್ಕಳ ಊಟದ ವೇಳೆಯಲ್ಲಿ ನೆರವಾಗಲು ಶುಶ್ರೂಷಾ ವಿದ್ಯಾರ್ಥಿನಿಯರು ಸ್ವಯಂಸೇವಕಿಯರಾಗಿ ಮುಂದೆ ಬರುವುದುಂಟು. ಸಮುದಾಯ ಆರೋಗ್ಯ ಶುಶ್ರೂಷೆ ಅವರ ಪಠ್ಯಕ್ರಮದ ಒಂದು ಭಾಗವೇ ಆಗಿದೆ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯೂ ಕಾಲೇಜು ವಿದ್ಯಾರ್ಥಿಗಳಿಗೆ ಇಂತಹ ಅವಕಾಶವನ್ನು ಒದಗಿಸುತ್ತದೆ. ಆದರೆ ಸೌಟು ಹಿಡಿದು ಅನ್ನ ಸಾರು ಬಡಿಸುವುದಕ್ಕೆ ಶುಶ್ರೂಷೆಯ ಶಿಕ್ಷಣವೇ ಬೇಕೆಂದಿಲ್ಲ. ಹಾಗಾದರೆ ಆಕೆಯ ಸೇವೆಯ ವಿಶೇಷವೇನು? ಬಡಿಸಿದ ಅನ್ನ ಮಗುವಿನ ಮೈಗೆ ಹತ್ತುತ್ತಿದೆಯೇ ಎಂದು ನೋಡುವುದು. ಈ ಲೇಖನದ ವಿಷಯ ಅದೇ.

ಹಿನ್ನೆಲೆ

ಶಾಲೆಯಲ್ಲಿ ಊಟವೆಂಬ ಕಲ್ಪನೆ ನಮ್ಮ ದೇಶಕ್ಕೆ ಹೊಸದಲ್ಲ. 1920ರಲ್ಲಿ ಮದರಾಸು ಕಾರ್ಪೊರೇಷನ್ನಿನ ಅಧ್ಯಕ್ಷರಾಗಿದ್ದ ಪಿ. ತ್ಯಾಗರಾಯ ಚೆಟ್ಟಿಯವರ ಕಾಲದಲ್ಲಿ ಥೌಸಂಡ್ ಲೈಟ್ಸ್ ಬಡಾವಣೆಯ ಶಾಲೆಯ ಮಕ್ಕಳಿಗೆ ಉಪಾಹಾರ ಕೊಡುವ ನಿರ್ಣಯವಾಯಿತು. ಒಂದು ಮಗುವಿಗೆ ದಿನಕ್ಕೆ ಒಂದಾಣೆ ಮೀರದಂತೆ ವೆಚ್ಚವನ್ನು ಗೊತ್ತುಮಾಡಲಾಗಿತ್ತು. ಚೆನ್ನೈಯ ತ್ಯಾಗರಾಯನಗರ ಅವರ ಹೆಸರನ್ನೇ ಹೊತ್ತಿದೆ. ಮುಂದೆ ಕೆ. ಕಾಮರಾಜರು ಮುಖ್ಯಮಂತ್ರಿಗಳಾಗಿದ್ದಾಗ 1956ರಲ್ಲಿ ಮಧ್ಯಾಹ್ನದ ಊಟ ರಾಜ್ಯದ ಯೋಜನೆಯಾಯಿತು, 1982ರಲ್ಲಿ ಎಂ.ಜಿ. ರಾಮಚಂದ್ರನ್ ಅವರು ಅದನ್ನು ಬಹಳವಾಗಿ ವಿಸ್ತರಿಸಿದರು.

ಕೇಂದ್ರ ಸರ್ಕಾರದ ರಾಷ್ಟ್ರೀಯ ಯೋಜನೆ 1995ರ ಆಗಸ್ಟ್ 15ರಂದು ಪ್ರಾರಂಭವಾಯಿತು. ಮೊದಲ ವರ್ಷಗಳಲ್ಲಿ ಹೆಚ್ಚಿನ ರಾಜ್ಯಗಳು ಬೇಯಿಸಿದ ಊಟದ ಬದಲು ತಿಂಗಳಿಗೆ ಇಷ್ಟೆಂದು ಧಾನ್ಯವನ್ನು ಹಂಚುತ್ತಿದ್ದವು. ಆ ಧಾನ್ಯ ಮನೆಯವರೆಲ್ಲರ ಪಾಲಾಗುತ್ತಿತ್ತು. ಶಾಲೆಯಲ್ಲಿ ಕುಳಿತ ಮಗುವಿನ ಹಸಿವು ಹಾಗೆಯೇ ಉಳಿಯುತ್ತಿತ್ತು. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ಬೇಯಿಸಿದ ಊಟವನ್ನೇ ಕೊಡತಕ್ಕದ್ದೆಂದು ಆಜ್ಞಾಪಿಸಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಆರಂಭವಾದ ಯೋಜನೆಗೆ ಶರಣರ ಪರಂಪರೆಯನ್ನು ನೆನಪಿಸುವ ‘ಅಕ್ಷರ ದಾಸೋಹ’ ಎಂಬ ಹೆಸರು ಬಂತು. 2013ರ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಈ ಊಟ ಹಕ್ಕಾಗಿದೆ. ಆದುದರಿಂದ ಬಡಿಸುವವರು ದಾನಿಗಳೂ ಅಲ್ಲ, ಉಣ್ಣುವ ಮಗು ಯಾಚಕನೂ ಅಲ್ಲ. ಸ್ವಯಂಸೇವಕಿ ಮೊದಲು ಮನದಟ್ಟು ಮಾಡಿಕೊಳ್ಳಬೇಕಾದ ಮಾತು ಇದು.

ತಟ್ಟೆಯ ಲೆಕ್ಕ

ಪ್ರಾಥಮಿಕ ತರಗತಿಯ ಒಂದು ಮಗುವಿಗೆ ಗೊತ್ತುಪಡಿಸಿದ ಪ್ರಮಾಣ ಹೀಗಿದೆ: ಧಾನ್ಯ 100 ಗ್ರಾಂ, ಬೇಳೆ 20 ಗ್ರಾಂ, ತರಕಾರಿ 50 ಗ್ರಾಂ, ಎಣ್ಣೆ 5 ಗ್ರಾಂ. ಇದರಿಂದ 450 ಕ್ಯಾಲೊರಿ ಶಕ್ತಿಯೂ 12 ಗ್ರಾಂ ಪ್ರೋಟೀನೂ ದೊರೆಯಬೇಕೆಂಬುದು ಉದ್ದೇಶ. ಆರರಿಂದ ಎಂಟನೆಯ ತರಗತಿಯವರೆಗೆ ಈ ಗುರಿ 700 ಕ್ಯಾಲೊರಿ ಮತ್ತು 20 ಗ್ರಾಂ.

ಅರವತ್ತು ಮಕ್ಕಳ ಪ್ರಾಥಮಿಕ ಶಾಲೆಯೊಂದನ್ನು ತೆಗೆದುಕೊಳ್ಳೋಣ. ಅಲ್ಲಿ ಆ ದಿನ 6 ಕಿಲೋ ಅಕ್ಕಿ, 1 ಕಿಲೋ 200 ಗ್ರಾಂ ಬೇಳೆ, 3 ಕಿಲೋ ತರಕಾರಿ, 300 ಗ್ರಾಂ ಎಣ್ಣೆ ಒಲೆಯ ಬಳಿಗೆ ಹೋಗಬೇಕು. ಬೇಳೆ ಅರ್ಧಕ್ಕೆ ಇಳಿದು ಸಾರು ನೀರಾಯಿತೆನ್ನಿ. ಅನ್ನ ಎಂದಿನಷ್ಟೇ ಇರುವುದರಿಂದ ಹೊಟ್ಟೆ ತುಂಬುತ್ತದೆ, ಮಕ್ಕಳು ದೂರುವುದಿಲ್ಲ, ಮೇಲ್ನೋಟಕ್ಕೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಆದರೆ ಪ್ರತಿ ತಟ್ಟೆಯಲ್ಲೂ ಎರಡು ಗ್ರಾಮಿಗೂ ಹೆಚ್ಚು ಪ್ರೋಟೀನ್ ಖೋತಾ ಆಗಿರುತ್ತದೆ. ವರ್ಷಕ್ಕೆ 200 ದಿನವೆಂದು ಹಿಡಿದರೂ ಒಂದು ಮಗುವಿಗೆ ಆಗುವ ನಷ್ಟ 400 ಗ್ರಾಮನ್ನು ಮೀರುತ್ತದೆ. ಹೊಟ್ಟೆಯ ಲೆಕ್ಕ ಸರಿಬಂದು ಮೈಯ ಲೆಕ್ಕದಲ್ಲಿ ಬಾಕಿ ಬೀಳುವುದು ಹೀಗೆ. ಪೋಷಣಶಾಸ್ತ್ರವನ್ನು ಓದಿದ ವಿದ್ಯಾರ್ಥಿನಿಗೆ ತಿಳಿಸಾರನ್ನು ಕಂಡೊಡನೆ ಈ ಬಾಕಿ ಹೊಳೆಯಬೇಕು. ಅದನ್ನು ಅಡಿಗೆಯವರೊಡನೆ ಜಗಳವಾಗಿಸದೆ ಮುಖ್ಯೋಪಾಧ್ಯಾಯರ ಗಮನಕ್ಕೆ ತರಬೇಕು. ಎಷ್ಟೋ ವೇಳೆ ತಪ್ಪು ಒಲೆಯ ಬಳಿಯಲ್ಲಿರದೆ ತಡವಾಗಿ ಬಂದ ಸಾಮಾನಿನಲ್ಲಿ ಇರುತ್ತದೆ.

ಬಡಿಸುವುದಕ್ಕೆ ಮೊದಲು

2013ರ ಜುಲೈಯಲ್ಲಿ ಬಿಹಾರದ ಸಾರಣ ಜಿಲ್ಲೆಯ ಹಳ್ಳಿಯೊಂದರಲ್ಲಿ ಶಾಲೆಯ ಊಟವುಂಡ 23 ಮಕ್ಕಳು ಮೃತಪಟ್ಟರು. ಅಡಿಗೆಯ ಎಣ್ಣೆಯಲ್ಲಿ ಬೆಳೆಗಳಿಗೆ ಹೊಡೆಯುವ ಕೀಟನಾಶಕ ಬೆರೆತಿತ್ತು. ಈ ದುರಂತವನ್ನು ನೆನೆದರೆ, ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರೊಬ್ಬರೂ ಸೇರಿದಂತೆ ಹಿರಿಯರು ರುಚಿ ನೋಡಬೇಕೆಂಬ ನಿಯಮ ಬರಿಯ ಶಿಷ್ಟಾಚಾರವಲ್ಲವೆಂಬುದು ಅರಿವಾಗುತ್ತದೆ. ಕೀಟನಾಶಕದ ಖಾಲಿ ಡಬ್ಬಿಗಳು ಎಷ್ಟು ತೊಳೆದರೂ ಆಹಾರ ತುಂಬಲು ಯೋಗ್ಯವಲ್ಲ.

ನಗರಗಳ ಹಲವು ಶಾಲೆಗಳಿಗೆ ಊಟ ದೂರದ ಅಡಿಗೆಮನೆಯಿಂದ ಡಬ್ಬಿಗಳಲ್ಲಿ ಬರುತ್ತದೆ. ಬೆಂದ ಅನ್ನ ಬಹಳ ಹೊತ್ತು ಉಗುರುಬೆಚ್ಚಗೆ ಉಳಿದರೆ ರೋಗಾಣುಗಳು ಹೆಚ್ಚುತ್ತವೆ. ಅವು ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಪೂರ್ತಿ ಹೋಗದಿರಬಹುದು. ಆದುದರಿಂದ ಬಡಿಸುವವರೆಗೆ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಬೇಕು. ಮುಚ್ಚಳ ತೆರೆದಾಗ ಹಬೆಯೇಳದಿದ್ದರೆ, ಹುಳಿ ವಾಸನೆ ಬಂದರೆ, ಅದನ್ನು ಬಡಿಸದಿರುವುದೇ ಲೇಸು.

ಇನ್ನು ಕೈ ತೊಳೆಯುವ ವಿಚಾರ. ಮಕ್ಕಳೆಲ್ಲರೂ ಒಂದೇ ಬಕೆಟ್ಟಿನಲ್ಲಿ ಕೈ ಅದ್ದಿದರೆ ಒಬ್ಬರ ಕೊಳೆ ಇನ್ನೊಬ್ಬರಿಗೆ ಅಂಟುತ್ತದೆಯೇ ಹೊರತು ಶುಚಿಯಾಗುವುದಿಲ್ಲ. ನಲ್ಲಿಯಿಲ್ಲದಿದ್ದರೆ ಚೊಂಬಿನಿಂದ ನೀರು ಹೊಯ್ಯುತ್ತ, ಸಾಬೂನು ಹಚ್ಚಿ ಇಪ್ಪತ್ತು ಎಣಿಸುವವರೆಗೆ ಉಜ್ಜಿಸಬೇಕು. ಸ್ವಯಂಸೇವಕಿಗೂ ಇದೇ ನಿಯಮ. ಆಕೆಗೆ ಜ್ವರ, ಭೇದಿ ಅಥವಾ ಕೈಯಲ್ಲಿ ಕೀವಾದ ಗಾಯವಿದ್ದರೆ ಆ ದಿನ ಸೌಟನ್ನು ಮುಟ್ಟಬಾರದು.

ನೋಡುವ ಕಣ್ಣು

1902ರಲ್ಲಿ ನ್ಯೂಯಾರ್ಕ್ ನಗರದ ನಾಲ್ಕು ಶಾಲೆಗಳಲ್ಲಿ ಲೀನಾ ರಾಜರ್ಸ್ ಎಂಬ ಶುಶ್ರೂಷಕಿಯನ್ನು ಪ್ರಯೋಗಾರ್ಥವಾಗಿ ನೇಮಿಸಲಾಯಿತು. ಅದುವರೆಗೆ ವೈದ್ಯರು ಬಂದು ಸೋಂಕು ತಗುಲಿದ ಮಕ್ಕಳನ್ನು ಗುರುತಿಸಿ ಮನೆಗೆ ಅಟ್ಟುತ್ತಿದ್ದರು; ಮನೆಯಲ್ಲಿ ಚಿಕಿತ್ಸೆಯಿಲ್ಲದೆ ಮಕ್ಕಳು ಶಾಲೆಯನ್ನೇ ತಪ್ಪಿಸಿಕೊಳ್ಳುತ್ತಿದ್ದರು. ಆಕೆ ಸಣ್ಣ ಕಾಯಿಲೆಗಳಿಗೆ ಶಾಲೆಯಲ್ಲೇ ಉಪಚರಿಸಿ, ಮನೆಗಳಿಗೂ ಹೋಗಿ ತಾಯಂದಿರಿಗೆ ತಿಳಿಹೇಳಿದಳು. ಗೈರುಹಾಜರಿ ಇಳಿಯಿತು. ದೋಷವನ್ನು ಕಂಡರಷ್ಟೇ ಸಾಲದು, ಕಂಡದ್ದರ ಬೆನ್ನು ಹಿಡಿದು ಹೋಗಬೇಕೆಂಬುದು ಅದರ ಪಾಠ.

ಊಟದ ಸಾಲಿನಲ್ಲಿ ಮಗು ತಲೆಯೆತ್ತಿ ತಟ್ಟೆ ಚಾಚಿದ ಒಂದು ಗಳಿಗೆಯಲ್ಲಿ ತಿಳಿದವರಿಗೆ ಹಲವು ಸಂಗತಿಗಳು ಕಾಣುತ್ತವೆ. ಕೆಳರೆಪ್ಪೆಯ ಒಳಭಾಗ, ನಾಲಗೆ, ಅಂಗೈ ಬಿಳಿಚಿಕೊಂಡಿದ್ದರೆ ರಕ್ತಹೀನತೆಯ ಶಂಕೆ. ಬಾಯಿಯ ಮೂಲೆಗಳು ಬಿರಿದಿದ್ದರೆ ಬಿ ಜೀವಸತ್ವಗಳ ಕೊರತೆಯಿರಬಹುದು. ಸಂಜೆಗತ್ತಲಲ್ಲಿ ಎಡವುವ ಮಗುವಿಗೆ ಎ ಜೀವಸತ್ವ ಸಾಲದೆಯಿರಬಹುದು. ಇವು ಸೂಚನೆಗಳೇ ಹೊರತು ನಿರ್ಣಯವಲ್ಲ. ಐದರಿಂದ ಹನ್ನೊಂದು ವರ್ಷದ ಮಗುವಿನ ಹಿಮೋಗ್ಲೋಬಿನ್ 11.5 ಗ್ರಾಮಿಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ; ಅದನ್ನು ರಕ್ತಪರೀಕ್ಷೆಯೇ ಹೇಳಬೇಕು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯತಂಡಕ್ಕೆ ಅಂತಹ ಮಕ್ಕಳನ್ನು ತೋರಿಸುವಂತೆ ಶಿಕ್ಷಕರಿಗೆ ತಿಳಿಸಬೇಕು. ವಿದ್ಯಾರ್ಥಿನಿ ತಾನೇ ಔಷಧ ಕೊಡಕೂಡದು; ಎಲ್ಲರ ಎದುರಿಗೆ ‘ಇವನಿಗೆ ರಕ್ತವಿಲ್ಲ’ ಎಂದು ಸಾರಲೂಬಾರದು.

ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯ ವಿಷಯದಲ್ಲಿ ಆಕೆಯ ನೆರವು ಬಹಳ ಉಪಯುಕ್ತ. ಚಿಕ್ಕ ತರಗತಿಗಳಿಗೆ ಗುಲಾಬಿ, ಹತ್ತು ವರ್ಷ ದಾಟಿದವರಿಗೆ ನೀಲಿ ಮಾತ್ರೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಓಕರಿಕೆ ಬರುವುದರಿಂದ ಊಟದ ನಂತರವೇ ಕೊಡಬೇಕು. ಮಲ ಕಪ್ಪಾದರೆ ಹೆದರಬೇಕಾಗಿಲ್ಲವೆಂದು ತಾಯಂದಿರಿಗೆ ಮೊದಲೇ ಹೇಳಿದರೆ ಮಾತ್ರೆ ಕಸದ ಬುಟ್ಟಿಗೆ ಹೋಗುವುದು ತಪ್ಪುತ್ತದೆ. ನಿಂಬೆ, ನೆಲ್ಲಿಕಾಯಿಗಳು ಕಬ್ಬಿಣಾಂಶವನ್ನು ಮೈಗೂಡಿಸುತ್ತವೆ. ಊಟದೊಡನೆ ಕುಡಿದ ಚಹ ಅದನ್ನು ತಡೆಯುತ್ತದೆ. ಜಂತುಹುಳುವಿನ ಮಾತ್ರೆಯೂ ನಿಗದಿಯಾದ ದಿನ ತಪ್ಪದೆ ಮಗುವಿಗೆ ಸೇರಬೇಕು. ಹೊಟ್ಟೆಯಲ್ಲಿ ಹುಳುವಿದ್ದರೆ ಉಂಡ ಅನ್ನದಲ್ಲಿ ಅದಕ್ಕೂ ಪಾಲು ಹೋಗುತ್ತದೆ.

ತಟ್ಟೆಯಲ್ಲಿ ಉಳಿದ ಅನ್ನ

ಮೂರನೆಯ ತರಗತಿಯ ಹುಡುಗಿಯೊಬ್ಬಳು ದಿನವೂ ಅರ್ಧ ಅನ್ನವನ್ನು ಮಾತ್ರ ಉಂಡು ಉಳಿದದ್ದನ್ನು ಡಬ್ಬಿಗೆ ತುಂಬಿಕೊಳ್ಳುತ್ತಾಳೆನ್ನಿ. ಮೇಲ್ವಿಚಾರಕರ ಕಣ್ಣಿಗೆ ಅದು ಶಿಸ್ತಿನ ಭಂಗ. ವಿದ್ಯಾರ್ಥಿನಿ ಮಾತ್ರ ಗದರಿಸದೆ, ಪಕ್ಕದಲ್ಲಿ ಕುಳಿತು ‘ಯಾರಿಗೆ ಪುಟ್ಟಿ?’ ಎಂದು ಕೇಳಬೇಕು. ಮನೆಯಲ್ಲಿ ನಾಲ್ಕು ವರ್ಷದ ತಮ್ಮನಿದ್ದು, ಹಗಲೆಲ್ಲ ತಾಯಿ ಕೂಲಿಗೆ ಹೋಗಿರುವ ಸಂಗತಿ ಆಗ ಹೊರಬೀಳಬಹುದು. ಈ ಸಂಕಟಕ್ಕೆ ಪರಿಹಾರ ಆ ತಟ್ಟೆಯಲ್ಲಿಲ್ಲ, ಅಂಗನವಾಡಿಯಲ್ಲಿದೆ. 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಂತೆ ಆ ತಮ್ಮನಿಗೂ ಅಲ್ಲಿ ಬಿಸಿಯೂಟ ಸಲ್ಲಬೇಕು. ಆತನ ಹೆಸರು ಅಲ್ಲಿ ದಾಖಲಾದ ದಿನದಿಂದ ಅಕ್ಕ ತನ್ನ ತಟ್ಟೆಯ ಅನ್ನವನ್ನು ತಾನೇ ಉಣ್ಣುವಳು. ಒಬ್ಬ ಸ್ವಯಂಸೇವಕಿ ಒಂದು ವರ್ಷದಲ್ಲಿ ಇಂತಹ ಒಂದೇ ಕೆಲಸವನ್ನು ಸಾಧಿಸಿದರೂ ಎರಡು ಮಕ್ಕಳ ಆಯುಷ್ಯಕ್ಕೆ ನೆರವಾದಂತೆ.

ಮಾತೃಭಾಷೆಯ ನೆರವು

ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳಿಂದ ಕಟ್ಟಡದ ಕೆಲಸಕ್ಕೆಂದು ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಬರುವ ಕುಟುಂಬಗಳ ಮಕ್ಕಳ ಪಾಡು ಇನ್ನೂ ಕಷ್ಟ. ಕೆಲಸ ಮುಗಿದೊಡನೆ ಬೇರೆ ಕಟ್ಟಡ, ಬೇರೆ ಶಾಲೆ. ಕೆಲವೊಮ್ಮೆ ಶಾಲೆಯೇ ಇಲ್ಲ. ಪರಭಾಷೆಯ ತರಗತಿಯಲ್ಲಿ ಕುಳಿತ ಮಗು ‘ಹೊಟ್ಟಿ ನೋಯಾಕತ್ತೈತಿ’ ಎಂಬ ಮಾತನ್ನು ಯಾರಿಗೆ ಹೇಳಬೇಕು? ರೊಟ್ಟಿಯುಂಡು ಬೆಳೆದ ಮಗು ಅನ್ನವನ್ನು ಏಕೆ ಸೇರುವುದಿಲ್ಲವೆಂದು ಯಾರು ತಿಳಿಯಬೇಕು? ಕನ್ನಡ ಬಲ್ಲ ಶುಶ್ರೂಷಾ ವಿದ್ಯಾರ್ಥಿನಿ ಇಂತಹ ಸ್ಥಳದಲ್ಲಿ ವೈದ್ಯರಿಗೂ ಮಗುವಿಗೂ ನಡುವಣ ಸೇತುವೆಯಾಗಬಲ್ಲಳು. ಮಗುವಿನ ಎತ್ತರ, ತೂಕ, ಮಾತ್ರೆ ಕೊಟ್ಟ ತಾರೀಖುಗಳನ್ನು ಒಂದು ಚೀಟಿಯಲ್ಲಿ ಬರೆದು ತಾಯಿಯ ಕೈಗಿತ್ತರೆ ಅದು ಪಾಸ್‌ಬುಕ್ಕಿನಂತೆ ಮಗುವಿನೊಡನೆ ಊರೂರಿಗೆ ಹೋಗುತ್ತದೆ. ಮುಂದಿನ ಶಾಲೆಯವರು ಹಿಂದಿನ ಬಾಕಿಯಿಂದಲೇ ಲೆಕ್ಕವನ್ನು ಮುಂದುವರಿಸಬಹುದು.

ಸಂಘಗಳು ಮಾಡಬಹುದಾದದ್ದು

ಹೊರನಾಡಿನ ಕನ್ನಡ ಸಂಘಗಳಿಗೆ ಈ ಕಾರ್ಯದಲ್ಲಿ ಪಾಲಿದೆ. ತಮ್ಮ ಬಳಗದಲ್ಲಿ ಶುಶ್ರೂಷೆಯನ್ನು ಅಭ್ಯಸಿಸುತ್ತಿರುವ ಮಕ್ಕಳನ್ನು, ಹುಡುಗಿಯರಂತೆ ಹುಡುಗರನ್ನೂ, ಗುರುತಿಸಿ ಸಮೀಪದ ಶಾಲೆಯ ಮುಖ್ಯೋಪಾಧ್ಯಾಯರ ಅನುಮತಿಯೊಡನೆ ವಾರಕ್ಕೆ ಒಂದು ದಿನ ಕಳುಹಿಸಬಹುದು. ಅವರ ಬಸ್ಸಿನ ಖರ್ಚು, ಒಂದು ತೂಕದ ಯಂತ್ರ, ಎತ್ತರದ ಪಟ್ಟಿ, ವರ್ಷಕ್ಕೆ ಸಾಲುವಷ್ಟು ಸಾಬೂನು ಇವಿಷ್ಟು ಸಂಘಕ್ಕೆ ಭಾರವಾಗಲಾರವು. ಹುಟ್ಟುಹಬ್ಬ, ಮದುವೆಗಳ ಸಂದರ್ಭದಲ್ಲಿ ಶಾಲೆಯ ಮಕ್ಕಳಿಗೆ ವಿಶೇಷ ಆಹಾರ ನೀಡಲು ‘ತಿಥಿ ಭೋಜನ’ ಎಂಬ ಏರ್ಪಾಡೂ ಇದೆ. ಕನ್ನಡ ಕಿವಿಗೆ ಈ ಹೆಸರು ಶ್ರಾದ್ಧವನ್ನು ನೆನಪಿಸಿದರೂ ಇಲ್ಲಿ ತಿಥಿಯೆಂದರೆ ಶುಭದಿನವೆಂದೇ ಅರ್ಥ. ಅಂದು ಬರಿಯ ಸಿಹಿ ಹಂಚುವ ಬದಲು ಬಾಳೆಹಣ್ಣು, ಕಡಲೆಕಾಯಿಯ ಚಿಕ್ಕಿ, ಮೊಳಕೆಕಾಳು, ಒಪ್ಪುವವರಿಗೆ ಮೊಟ್ಟೆ ಕೊಟ್ಟರೆ ಮೇಲೆ ಹೇಳಿದ ಬಾಕಿ ಒಂದಿಷ್ಟಾದರೂ ತೀರುತ್ತದೆ. ಇದು ದಿನನಿತ್ಯದ ಊಟಕ್ಕೆ ಪೂರಕವೇ ಹೊರತು ಬದಲಿಯಲ್ಲ.

ನಾಳೆ ಆಸ್ಪತ್ರೆಯ ವಾರ್ಡುಗಳಲ್ಲಿ ನಿಲ್ಲಲಿರುವ ವಿದ್ಯಾರ್ಥಿನಿಗೂ ಈ ಸೇವೆಯಿಂದ ಲಾಭವುಂಟು. ರೋಗ ಹಾಸಿಗೆ ಹಿಡಿಸುವುದಕ್ಕೆ ಎಷ್ಟೋ ವರ್ಷ ಮೊದಲೇ ಹೇಗೆ ಬೇರುಬಿಡುತ್ತದೆಂಬುದನ್ನು ಆಕೆ ಊಟದ ಸಾಲಿನಲ್ಲಿ ಕಣ್ಣಾರೆ ಕಾಣುತ್ತಾಳೆ. ವಾರಕ್ಕೆ ಒಂದೇ ದಿನವಾದರೂ ಸರಿ, ವರ್ಷವಿಡೀ ತಪ್ಪದೆ ಹೋಗುವುದು ಮುಖ್ಯ. ಮೊದಲ ವಾರ ಕಂಡ ಬಿಳಿಚಿದ ಮುಖ ನಾಲ್ಕು ತಿಂಗಳ ಮೇಲೆ ಕೆಂಪೇರಿತೇ ಎಂಬುದನ್ನು ಮತ್ತೆ ಮತ್ತೆ ಬಂದವರು ಮಾತ್ರ ಹೇಳಬಲ್ಲರು.